ಬೋರ್ಡಿನ ಕೊನೇ ಸಾಲು ಓದ್ತಾಳೆ, ಮತ್ತೆ ನರದ ಆಪರೇಷನ್ ಯಾಕೆ?

ಪ್ರಶ್ನೆ: ಡಾಕ್ಟ್ರೇ, ನಾವು ಮೂಡಿಗೆರೆ ಕಡೆಯವರು. ಸ್ವಲ್ಪ ಕಾಫಿ, ಮೆಣಸು ಇದೆ. ನನ್ನ ತಂಗಿಗೆ 28 ವರ್ಷ, ಚಿಕ್ಕಮಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ. ಎರಡು ವರ್ಷದಲ್ಲಿ ಹತ್ತು ಕೆಜಿ ಜಾಸ್ತಿಯಾಗಿದ್ದಾಳೆ, ಈಗ 76 ಕೆಜಿ. ನಾಲ್ಕು ತಿಂಗಳಿಂದ ತಲೆನೋವು. ಬಗ್ಗಿ ಎದ್ದರೆ ಎರಡು ಮೂರು ಸೆಕೆಂಡ್ ಕಣ್ಣು ಕತ್ತಲೆ ಬರುತ್ತೆ. ಕಿವಿಯಲ್ಲಿ ಎದೆಬಡಿತದ ತಾಳಕ್ಕೆ ಜುಯ್ ಜುಯ್ ಅನ್ನುತ್ತೆ. ಸ್ಕ್ಯಾನ್‌ನಲ್ಲಿ ಗಡ್ಡೆ ಇಲ್ಲ. ಬೆನ್ನಿನಿಂದ ನೀರು ತೆಗೆದು ನೋಡಿದಾಗ ಒತ್ತಡ 38 ಬಂತು. ಎರಡು ತಿಂಗಳಿಂದ ಡಯಾಮಾಕ್ಸ್ ಮಾತ್ರೆ, ಈಗ ದಿನಕ್ಕೆ ಎಂಟು. ತಲೆನೋವು ಅರ್ಧಕ್ಕರ್ಧ ಇಳಿದಿದೆ. ಕಣ್ಣು ಪರೀಕ್ಷೆಯ ಬೋರ್ಡಿನ ಕೊನೇ ಸಾಲನ್ನೂ ಓದ್ತಾಳೆ. ಆದರೂ ಬೆಂಗಳೂರಿನ ಡಾಕ್ಟರು ಮೂರನೇ ಸಲದ ಫೀಲ್ಡ್ ಟೆಸ್ಟ್ (ಸುತ್ತಲಿನ ನೋಟದ ಪರೀಕ್ಷೆ) ನೋಡಿ, ಎಡಗಣ್ಣಿನ ನರಕ್ಕೆ ಬೇಗ ಆಪರೇಷನ್ ಆಗಬೇಕು ಅಂದರು. ಇಷ್ಟು ಚೆನ್ನಾಗಿ ಕಾಣುವವಳಿಗೆ ಆಪರೇಷನ್ ಯಾಕೆ? ನರ ಕತ್ತರಿಸಿದರೆ ಇರುವ ದೃಷ್ಟಿಯೂ ಹೋಗಲ್ವಾ? ತಲೆಯಿಂದ ಹೊಟ್ಟೆಗೆ ಟ್ಯೂಬ್ ಹಾಕಿಸೋದೇ ವಾಸಿ ಅಂತ ನೆಂಟರು ಹೇಳ್ತಾರೆ. ರೊಬಸ್ಟಾ ಕೊಯ್ಲು ಈಗಷ್ಟೇ ಶುರುವಾಗಿದೆ, ಮುಗಿಸಿಕೊಂಡು ಹೋಗಬಹುದಾ? ಇನ್ನೊಂದು, ನಮ್ಮ ಚಿಕ್ಕಪ್ಪನಿಗೆ ಹೋದ ವರ್ಷ ಕಣ್ಣಿನ ಸ್ಟ್ರೋಕ್ ಆಗಿ ಒಂದು ಕಣ್ಣು ಮಂಜಾಗಿದೆ. ಈ ಆಪರೇಷನ್ ಅವರಿಗೂ ಆಗುತ್ತಾ?

ಉತ್ತರ: ಕೊಯ್ಲಿನ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕಾಯಬೇಡಿ. ರೊಬಸ್ಟಾ ಮುಗಿಯುವುದು ಎಂದರೆ ಮಾರ್ಚ್. ಆಮೇಲೆ ಸ್ಪ್ರಿಂಕ್ಲರ್, ಆಮೇಲೆ ಮೆಣಸು, ತೋಟದ ಕೆಲಸ ಯಾವತ್ತು ಮುಗಿದಿದೆ? ಕಾಫಿ ಗಿಡವನ್ನು ಬುಡದವರೆಗೆ ಕಡಿದರೂ ಮತ್ತೆ ಚಿಗುರುತ್ತದೆ. ಕಣ್ಣಿನ ನರ ಚಿಗುರುವುದಿಲ್ಲ. ಅದರಲ್ಲಿ ಸುಮಾರು 12 ಲಕ್ಷ ಎಳೆಗಳಿವೆ. ಸತ್ತ ಎಳೆ ಸತ್ತ ಹಾಗೇ.

ಈಗ ಬೋರ್ಡಿನ ವಿಷಯ. ಹಾಸನದಲ್ಲಿ ಕಣ್ಣು ನೋಡುತ್ತಾ ಕೂತು ಇಪ್ಪತ್ತು ವರ್ಷ ದಾಟಿತು. ತಲೆಯೊಳಗೆ ನೀರಿನ ಒತ್ತಡ ಏರುವ ಈ ಕಾಯಿಲೆಯಲ್ಲಿ ಮನೆಯವರನ್ನು, ಕೆಲವೊಮ್ಮೆ ಡಾಕ್ಟರನ್ನೂ, ಜಾಸ್ತಿ ಮೋಸ ಮಾಡುವುದು ಈ ಸಿಕ್ಸ್ ಬೈ ಸಿಕ್ಸ್, ಅಂದರೆ ಬೋರ್ಡ್ ಸರಿಯಾಗಿ ಓದುವುದು. ಬೋರ್ಡ್ ಓದಿಸುವುದರಿಂದ ನೋಟದ ನಟ್ಟನಡುವಿನ ಒಂದು ಚೂರು ಮಾತ್ರ ಗೊತ್ತಾಗುತ್ತದೆ. ಮನೆ ಅಂಗಳದಲ್ಲಿ ನಿಂತು ಇಡೀ ತೋಟ ಚೆನ್ನಾಗಿದೆ ಎಂದ ಹಾಗೆ. ಬೇಲಿ ಪಕ್ಕದ ಸಾಲು ಒಣಗುತ್ತಿರುವುದು ಅಂಗಳಕ್ಕೆ ಕಾಣುವುದಿಲ್ಲ. ನಿಮ್ಮ ತಂಗಿಯ ಕಾಯಿಲೆಯಲ್ಲಿ ನೋಟ ಸಾಮಾನ್ಯವಾಗಿ ಅಂಚಿನಿಂದ ಹೋಗುತ್ತದೆ. ಮೂಗಿನ ಕಡೆಯ ಕೆಳಭಾಗ ಹೆಚ್ಚಾಗಿ ಮೊದಲು. ನಟ್ಟನಡುವಿನ ನೋಟ ಕೊನೆಯವರೆಗೂ ನಿಲ್ಲುತ್ತದೆ. ಬೋರ್ಡಿನ ಸಾಲು ತಪ್ಪಲು ಶುರುವಾಗುವ ಹೊತ್ತಿಗೆ ನರದ ಬಹುಪಾಲು ಹೋಗಿರಬಹುದು.

ಹೋಗುವುದು ಗೊತ್ತೂ ಆಗುವುದಿಲ್ಲ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ಮುಚ್ಚಿಹಾಕುತ್ತದೆ. ನನ್ನ ಹತ್ತಿರ ಬಂದಿದ್ದ ಒಬ್ಬ ಹುಡುಗಿ ಹೇಳಿದ್ದು ನೆನಪಿದೆ: "ಸಾರ್, ಕಣ್ಣೇನೋ ಚೆನ್ನಾಗಿದೆ. ಆದರೆ ಇತ್ತೀಚೆಗೆ ಬಾಗಿಲ ಚೌಕಟ್ಟಿಗೆ ಭುಜ ಹೊಡೀತಾ ಇರ್ತೀನಿ." ಅಮ್ಮ ಪಕ್ಕದಲ್ಲೇ ಕೂತು, ಮೊಬೈಲ್ ನೋಡ್ಕೊಂಡು ಓಡಾಡಿದರೆ ಇನ್ನೇನಾಗುತ್ತೆ ಎಂದು ಬೈದರು. ಫೀಲ್ಡ್ ಟೆಸ್ಟ್ ಮಾಡಿದರೆ ಎರಡೂ ಕಣ್ಣಿನ ಅಂಚು ಕಪ್ಪು.

ಫೀಲ್ಡ್ ಟೆಸ್ಟ್ ನಿಮ್ಮ ತಂಗಿಗೆ ಗೊತ್ತು. ಕತ್ತಲೆ ಕೋಣೆ, ಗಲ್ಲ ಇಡುವ ಸ್ಟ್ಯಾಂಡ್, ಕೈಯಲ್ಲಿ ಒಂದು ಗುಂಡಿ. ನಡುವಿನ ದೀಪವನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಾದರೂ ಚುಕ್ಕಿ ಬೆಳಕು ಮಿನುಗಿದರೆ ಗುಂಡಿ ಒತ್ತಬೇಕು. ಬೇಜಾರು ಹಿಡಿಸುವ ಪರೀಕ್ಷೆ, ನಿದ್ದೆ ಬರುತ್ತದೆ, ಎಷ್ಟೋ ಜನ ಅರ್ಧಕ್ಕೇ ಸಾಕು ಎನ್ನುತ್ತಾರೆ. ಆದರೆ ಆ ಬೂದು ಬಣ್ಣದ ಪ್ರಿಂಟೇ ಇಲ್ಲಿ ಮುಖ್ಯ ಸಾಕ್ಷಿ. ಮೊದಲ ಸಲ ತಪ್ಪು ಒತ್ತುವುದು ಸಹಜ. ಅದಕ್ಕೇ ಒಂದು ಟೆಸ್ಟ್ ನೋಡಿ ಯಾರೂ ಆಪರೇಷನ್ ಎನ್ನುವುದಿಲ್ಲ. ನಿಮ್ಮವರಿಗೆ ಮೂರಾಗಿದೆ, ಮೂರನೆಯದನ್ನು ನೋಡಿ ಡಾಕ್ಟರು ಬೇಗ ಎಂದಿದ್ದಾರೆ. ಮೂರರಲ್ಲೂ ಕಪ್ಪು ಒಂದೇ ಕಡೆಯಿಂದ ಬೆಳೆಯುತ್ತಾ ಬಂದಿದ್ದರೆ ಅದು ನಿದ್ದೆಗಣ್ಣಿನ ತಪ್ಪಲ್ಲ.

ತಲೆನೋವು ಇಳಿಯಿತು, ಹಾಗಾಗಿ ವಾಸಿಯಾಗುತ್ತಿದೆ ಎಂದೂ ನಿಮಗೆ ಅನ್ನಿಸಿರಬೇಕು. ಈ ಕಾಯಿಲೆಯಲ್ಲಿ ತಲೆನೋವು ಒಂದು ದಾರಿ, ಕಣ್ಣು ಇನ್ನೊಂದು ದಾರಿ. ನೋವು ವಿಪರೀತವಿದ್ದು ನರ ಚೆನ್ನಾಗಿರುವವರಿದ್ದಾರೆ. ನೋವೇ ಇಲ್ಲದೆ ನರ ಹೋದವರೂ ಇದ್ದಾರೆ. ಆಪರೇಷನ್ ಬೇಕೋ ಬೇಡವೋ ಎಂದು ತಲೆನೋವನ್ನು ಕೇಳಬಾರದು.

ಏನಾಗುತ್ತಿದೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಿದುಳು ಮತ್ತು ಬೆನ್ನುಹುರಿಯ ಸುತ್ತ ತಿಳಿ ನೀರು ಇರುತ್ತದೆ. ದೊಡ್ಡವರಲ್ಲಿ ಒಟ್ಟು ಸುಮಾರು 150 ಮಿಲಿಲೀಟರ್, ಒಂದು ಲೋಟ ಕಾಫಿಯಷ್ಟು. ದಿನಕ್ಕೆ ಅರ್ಧ ಲೀಟರ್ ಹೊಸದಾಗಿ ಹುಟ್ಟುತ್ತದೆ, ಅಷ್ಟೇ ರಕ್ತಕ್ಕೆ ಇಂಗಿ ಹೋಗುತ್ತದೆ. ಇಂಗುವುದು ಸರಿಹೋಗದಿದ್ದರೆ ತಲೆಬುರುಡೆಯೊಳಗೆ ಒತ್ತಡ ಏರುತ್ತದೆ. ಬೆನ್ನಿನ ಸೂಜಿಯಲ್ಲಿ ಅಳೆದಾಗ ನೀರು 25 ಸೆಂಟಿಮೀಟರ್ ಎತ್ತರ ದಾಟಿ ಏರಿದರೆ ಜಾಸ್ತಿ ಎಂದು ಲೆಕ್ಕ. ನಿಮ್ಮ ತಂಗಿಗೆ 38. ಗಡ್ಡೆ ಇಲ್ಲದೆ, ರಕ್ತ ಹೆಪ್ಪುಗಟ್ಟದೆ, ನೀರಿನಲ್ಲಿ ಸೋಂಕಿಲ್ಲದೆ ಹೀಗೆ ಒತ್ತಡ ಏರಿದರೆ, ಇದಕ್ಕೆ ಇಡಿಯೋಪಥಿಕ್ ಇಂಟ್ರಾಕ್ರೇನಿಯಲ್ ಹೈಪರ್‌ಟೆನ್ಷನ್ ಎಂದು ಹೆಸರು, ಚಿಕ್ಕದಾಗಿ ಐಐಎಚ್. ಹೈಪರ್‌ಟೆನ್ಷನ್ ಎಂದ ಕೂಡಲೇ ಬಿಪಿ ಮಾತ್ರೆ ಹುಡುಕಬೇಡಿ, ಅದೇ ಬೇರೆ. (ಬಿಪಿ ಅಳೆಸಿರುವುದು ಮಾತ್ರ ಖಚಿತ ಮಾಡಿಕೊಳ್ಳಿ. ವಿಪರೀತ ಬಿಪಿಯಿಂದಲೂ ಕಣ್ಣಿನ ನರ ಊದಿಕೊಳ್ಳುತ್ತದೆ.)

ಈ ನೀರು ಮಿದುಳಿನ ಹತ್ತಿರವೇ ನಿಲ್ಲುವುದಿಲ್ಲ. ಕಣ್ಣಿನ ನರ ಮಿದುಳಿನದೇ ಒಂದು ಬಾಲ. ಮಿದುಳಿನ ಹೊದಿಕೆಗಳು ಅದರ ಸುತ್ತಲೂ ಕಣ್ಣುಗುಡ್ಡೆಯ ಬೆನ್ನಿನವರೆಗೆ ಬರುತ್ತವೆ. ಹೊದಿಕೆಗೂ ನರಕ್ಕೂ ನಡುವಿನ ಸಂದಿಯಲ್ಲಿ ಅದೇ ನೀರು. ನಿಮ್ಮ ಸ್ಪ್ರಿಂಕ್ಲರ್ ಲೈನಿನ ತುದಿಗೆ ಎಂಡ್ ಕ್ಯಾಪ್ ಹಾಕಿರುತ್ತೀರಲ್ಲ, ಹಾಗೆ ಕಣ್ಣುಗುಡ್ಡೆಯ ಹಿಂದೆ ಆ ಸಂದಿ ಮುಚ್ಚಿಕೊಳ್ಳುತ್ತದೆ. ಮೋಟಾರ್ ಕಡೆ ಒತ್ತಡ ಏರಿದರೆ ಪೈಪಿನ ತುದಿಯಲ್ಲೂ ಏರಲೇಬೇಕು. ನರದ ಎಳೆಗಳ ಒಳಗೆ ನಡೆಯುವ ಸಾಗಾಟ ಅಲ್ಲಿ ತಡೆದು ನಿಂತು, ನರದ ತಲೆ ಊದಿಕೊಳ್ಳುತ್ತದೆ. ಬಗ್ಗಿ ಎದ್ದಾಗ ಎರಡು ಸೆಕೆಂಡ್ ಕತ್ತಲೆ ಬರುವುದು ಈ ಊದಿದ ನರಕ್ಕೆ ಒಂದು ಗಳಿಗೆ ರಕ್ತ ಸಾಲದೆ ಬಂದಾಗ.

ಬೆನ್ನಿನಿಂದ ಪದೇ ಪದೇ ನೀರು ತೆಗೆಸುತ್ತಾ ಇದ್ದರೆ ಸಾಕಲ್ವಾ ಎಂದು ಎಷ್ಟೋ ಜನ ಕೇಳುತ್ತಾರೆ. ದಿನಕ್ಕೆ ಅರ್ಧ ಲೀಟರ್ ಹುಟ್ಟುವ ನೀರು, ತೆಗೆದಿದ್ದು ಕೆಲವೇ ಗಂಟೆಯಲ್ಲಿ ತುಂಬಿಕೊಳ್ಳುತ್ತದೆ. ಹಾಗೆಂದು ಆ ಪರೀಕ್ಷೆಗೆ ಹೆದರಬೇಕಾಗಿಯೂ ಇಲ್ಲ. ಬೆನ್ನಿನ ನೀರು ತೆಗೆದರೆ ಕಾಲು ಬಿದ್ದುಹೋಗುತ್ತದೆ ಎಂಬ ಮಾತು ನಮ್ಮ ಕಡೆ ಇನ್ನೂ ಓಡಾಡುತ್ತಿದೆ. ಸೂಜಿ ಹಾಕುವುದು ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ. ಹುರಿಯೇ ಇಲ್ಲದ ಕಡೆ ಹುರಿಗೆ ಏಟು ಎಲ್ಲಿಂದ?

ಮಾತ್ರೆ ಕೆಲಸ ಮಾಡುವುದಿಲ್ಲ ಎಂದೇನೂ ಅಲ್ಲ. ಡಯಾಮಾಕ್ಸ್, ಅಂದರೆ ಅಸಿಟಜೋಲಮೈಡ್, ನೀರು ಹುಟ್ಟುವುದನ್ನೇ ಕಮ್ಮಿ ಮಾಡುತ್ತದೆ. ಗ್ಲಾಕೋಮಾಗೂ ಇದನ್ನೇ ಕೊಡುವುದರಿಂದ "ಕಣ್ಣಿನ ಪ್ರೆಷರ್ ಮಾತ್ರೆ" ಎಂದು ಮೆಡಿಕಲ್ ಶಾಪಿನಲ್ಲಿ ಹೇಳಿ ಗೊಂದಲ ಮಾಡುತ್ತಾರೆ. ನಿಮ್ಮ ತಂಗಿಗೆ ಕಣ್ಣುಗುಡ್ಡೆಯ ಪ್ರೆಷರ್ ಅಲ್ಲ, ತಲೆಯ ಪ್ರೆಷರ್. ಅಮೆರಿಕದಲ್ಲಿ 165 ಜನರ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 2014ರಲ್ಲಿ ಬಂತು. ಉಪ್ಪು ಕಮ್ಮಿ ಮಾಡಿ ತೂಕ ಇಳಿಸುವುದರ ಜೊತೆ ಈ ಮಾತ್ರೆ ತೆಗೆದುಕೊಂಡವರ ಫೀಲ್ಡ್, ಬರೀ ಪಥ್ಯ ಮಾಡಿದವರಿಗಿಂತ ಚೆನ್ನಾಗಿ ಸುಧಾರಿಸಿತು. ಆದರೆ ಆ ಪರೀಕ್ಷೆಗೆ ಸೇರಿಸಿಕೊಂಡಿದ್ದು ನೋಟ ಸ್ವಲ್ಪವೇ ಹೋಗಿದ್ದವರನ್ನು. 250ರ ಎಂಟು ಮಾತ್ರೆ ಎಂದರೆ ದಿನಕ್ಕೆ 2 ಗ್ರಾಂ. ಅಷ್ಟು ನುಂಗುತ್ತಿದ್ದರೂ ಎಡಗಣ್ಣಿನ ಫೀಲ್ಡ್ ಕುಸಿಯುತ್ತಿದ್ದರೆ, ಮಾತ್ರೆಯೊಂದನ್ನೇ ನಂಬಿ ಕೂರುವ ಕಾಲ ಮುಗಿದಿದೆ ಎಂದು ಅರ್ಥ. ನಿಮ್ಮ ಡಾಕ್ಟರಿಗೆ ಅನ್ನಿಸಿರುವುದೂ ಅದೇ ಇರಬೇಕು.

ಇನ್ನು ಆಪರೇಷನ್. "ನರದ ಆಪರೇಷನ್" ಎಂಬ ಮಾತೇ ಅರ್ಧ ಭಯಕ್ಕೆ ಕಾರಣ. ನರವನ್ನು ಕತ್ತರಿಸುವುದಿಲ್ಲ, ಮುಟ್ಟದಿದ್ದರೆ ಇನ್ನೂ ಒಳ್ಳೆಯದು. ಕತ್ತರಿಸುವುದು ನರದ ಮೇಲಿನ ಹೊದಿಕೆಯನ್ನು. ಪುಸ್ತಕದಲ್ಲಿ ಇದಕ್ಕೆ ಆಪ್ಟಿಕ್ ನರ್ವ್ ಶೀತ್ ಫೆನೆಸ್ಟ್ರೇಷನ್ ಎಂದು ಹೆಸರು. ಫೆನೆಸ್ಟ್ರೇಷನ್ ಎಂದರೆ ಕಿಟಕಿ ತೆಗೆಯುವುದು. ಹೊಸ ಪ್ರಯೋಗವೇನೂ ಅಲ್ಲ. 1872ರಲ್ಲೇ ಡಿ ವೆಕರ್ ಎಂಬ ಕಣ್ಣಿನ ಡಾಕ್ಟರು ಇದನ್ನು ವಿವರಿಸಿದ್ದರು, ಆಪರೇಷನ್ ಮೈಕ್ರೋಸ್ಕೋಪೇ ಇಲ್ಲದ ಕಾಲದಲ್ಲಿ. ಅವರ ಧೈರ್ಯಕ್ಕೋ ಆ ರೋಗಿಗಳ ಧೈರ್ಯಕ್ಕೋ ಕೈ ಮುಗಿಯಬೇಕು. ಅಂದ ಹಾಗೆ, ಹೊದಿಕೆಯನ್ನು ಪೊರೆ ಎಂದು ಯಾರ ಹತ್ತಿರವೂ ಹೇಳಬೇಡಿ. ಊರಿಗೆಲ್ಲ ಪೊರೆ ಆಪರೇಷನ್ ಎಂದು ಸುದ್ದಿಯಾಗಿ, ಹತ್ತು ನಿಮಿಷದ ಕೆಲಸಕ್ಕೆ ಬೆಂಗಳೂರಿಗೆ ಯಾಕೆ ಹೋದರು ಎಂದು ಕೇಳುತ್ತಾರೆ.

ನಾನು ಈ ಆಪರೇಷನ್ ಮಾಡುವುದಿಲ್ಲ, ಕಳಿಸಿಕೊಡುತ್ತೇನೆ. ಕಲಿಯುವಾಗ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಪೂರ್ತಿ ಅರಿವಳಿಕೆ ಕೊಡುತ್ತಾರೆ. ಹಿಂದಕ್ಕೆ ಹೋಗಲು ಎರಡು ಮೂರು ದಾರಿಗಳಿವೆ, ಹೆಚ್ಚು ಬಳಕೆಯಲ್ಲಿರುವುದು ಮೂಗಿನ ಕಡೆಯದು. ಕಣ್ಣಿನ ಬಿಳಿಯ ಮೇಲಿನ ತೆಳು ಪದರ ಬಿಡಿಸಿ, ಕಣ್ಣನ್ನು ಮೂಗಿನ ಕಡೆ ಎಳೆಯುವ ಸ್ನಾಯುವನ್ನು ದಾರದಲ್ಲಿ ಹಿಡಿದಿಟ್ಟುಕೊಂಡು ಗುಡ್ಡೆಯಿಂದ ಬಿಡಿಸುತ್ತಾರೆ. ಆಮೇಲೆ ಗುಡ್ಡೆಯನ್ನು ಕಿವಿಯ ಕಡೆಗೆ ಹೊರಳಿಸುತ್ತಾರೆ. ಹಿಂದೆ ಹಳದಿ ಕೊಬ್ಬು. ಅದನ್ನು ಸರಿಸಿದರೆ ಮೈಕ್ರೋಸ್ಕೋಪಿನ ಬೆಳಕಿನಲ್ಲಿ ನರದ ಹೊದಿಕೆ ಕಾಣುತ್ತದೆ, ಒತ್ತಡಕ್ಕೆ ಉಬ್ಬಿಕೊಂಡು. ಸುತ್ತ ಕೂದಲಿನಂಥ ರಕ್ತನಾಳಗಳು. ಅವನ್ನು ತಪ್ಪಿಸಿ, ರಕ್ತನಾಳ ಇಲ್ಲದ ಜಾಗ ಹುಡುಕುವುದರಲ್ಲೇ ಸರ್ಜನ್ನರ ಹೊತ್ತು ಹೋಗುತ್ತದೆ. ಆಪರೇಷನ್ ಥಿಯೇಟರಿನಲ್ಲಿ ಆಗ ಯಾರೂ ಮಾತಾಡುವುದಿಲ್ಲ. ಬ್ಲೇಡಿನ ತುದಿ ಹೊದಿಕೆಗೆ ತಾಗಿದ ಕೂಡಲೇ ತಿಳಿ ನೀರು ಉಕ್ಕಿ ಬರುತ್ತದೆ. ನಾನು ಮೊದಲ ಸಲ ನೋಡಿದಾಗ ನನಗರಿವಿಲ್ಲದೆ "ಅಬ್ಬಾ" ಎಂದುಬಿಟ್ಟಿದ್ದೆ. ಬರೀ ಗೀರು ಬಿಟ್ಟರೆ ಮುಚ್ಚಿಕೊಂಡೀತೆಂದು ಚಿಕ್ಕ ಕಿಟಕಿಯನ್ನೇ ಕತ್ತರಿಸಿ ತೆಗೆಯುತ್ತಾರೆ, ಸುಮಾರು 3 ಮಿಲಿಮೀಟರ್ ಅಗಲ, 5 ಮಿಲಿಮೀಟರ್ ಉದ್ದ. ಒಂದು ಅಕ್ಕಿ ಕಾಳಿಗಿಂತ ತುಸು ದಪ್ಪ ಅಷ್ಟೇ. ಕೆಲವರು ಕಿಟಕಿಯ ಬದಲು ಹಲವು ಗೀರು ಹಾಕುತ್ತಾರೆ. ಕೊನೆಗೆ ಸ್ನಾಯುವನ್ನು ಇದ್ದಲ್ಲೇ ಹೊಲಿಯುತ್ತಾರೆ.

ಆ ಕಿಟಕಿ ಮುಂದೆ ಹೇಗೆ ಕೆಲಸ ಮಾಡುತ್ತದೆ ಎಂಬುದರಲ್ಲಿ ಎರಡು ಮಾತಿದೆ. ನೀರು ಅಲ್ಲಿಂದ ಜಿನುಗುತ್ತಾ ಒತ್ತಡ ಇಳಿಯುತ್ತದೆ ಎಂಬುದು ಒಂದು. ಗಾಯ ಮಾಗುವಾಗ ಸಂದಿಯೇ ಮುಚ್ಚಿಕೊಂಡು, ತಲೆಯ ಒತ್ತಡ ನರದ ತಲೆಯವರೆಗೆ ಬಾರದಂತೆ ಒಡ್ಡು ಆಗುತ್ತದೆ ಎಂಬುದು ಇನ್ನೊಂದು. ಎರಡೂ ಸ್ವಲ್ಪ ಸ್ವಲ್ಪ ನಿಜವಿರಬೇಕು. ಒಂದು ಕಣ್ಣಿಗೆ ಮಾಡಿದರೆ ಕೆಲವರಲ್ಲಿ ಇನ್ನೊಂದು ಕಣ್ಣಿನ ಊತವೂ ಇಳಿಯುವುದುಂಟು. ಹಾಗಾಗಿ ಹೆಚ್ಚು ಕೆಟ್ಟಿರುವ ಕಣ್ಣಿಗೆ ಮೊದಲು ಮಾಡಿ, ಇನ್ನೊಂದನ್ನು ನೋಡುತ್ತಾ ಕಾಯುವ ರೂಢಿ ಇದೆ.

ಇರುವ ದೃಷ್ಟಿಯೂ ಹೋಗಲ್ವಾ ಎಂದು ಕೇಳಿದ್ದೀರಿ. ಹೋಗಬಹುದು. ನೂರರಲ್ಲಿ ಒಬ್ಬಿಬ್ಬರಿಗೆ ಹಾಗಾಗುತ್ತದೆ. ರಕ್ತನಾಳ ಮುಚ್ಚಿಕೊಂಡೋ, ಒಳಗೆ ರಕ್ತ ತುಂಬಿಕೊಂಡೋ. ಯಾರಾದರೂ "ಏನೂ ಆಗಲ್ಲ, ಸುಮ್ನೆ ಬನ್ನಿ" ಎಂದರೆ ನನಗೆ ಅನುಮಾನ. ಅದಕ್ಕಿಂತ ಜಾಸ್ತಿ ಜನರಿಗೆ ಆಗುವುದು ಚಿಕ್ಕ ತೊಂದರೆಗಳು. ಸ್ನಾಯು ಬಿಡಿಸಿ ಹೊಲಿದಿರುವುದರಿಂದ ಕೆಲವು ದಿನ, ಕೆಲವು ವಾರ ಎಲ್ಲವೂ ಎರಡೆರಡು ಕಾಣಬಹುದು. ಬಹಳಷ್ಟು ಜನರಿಗೆ ತಾನಾಗೇ ಸರಿಹೋಗುತ್ತದೆ. ಕಣ್ಣಿನ ಪಾಪೆ ಒಂದು ಕಡೆ ದೊಡ್ಡದಾಗಿ ಉಳಿಯಬಹುದು. ಕಣ್ಣು ಕೆಂಪಗೆ, ರೆಪ್ಪೆ ಊದಿಕೊಂಡು, ನೋಡಿದವರು ಹೌಹಾರುವಂತೆ ಇರುತ್ತದೆ, ಅದಕ್ಕೆ ಹೆದರಬೇಡಿ. ಮೊದಲ ದಿನ ನರ್ಸ್ ಬಂದು ಬಂದು ಬೆರಳು ಎಣಿಸಲು ಹೇಳುತ್ತಾರೆ. ನಿದ್ದೆ ಕೆಡಿಸುತ್ತಾರೆ ಎಂದು ಸಿಟ್ಟಾಗಬೇಡಿ, ನೋಟ ದಿಢೀರನೆ ಕುಸಿದರೆ ಆ ಕೆಲವು ಗಂಟೆಗಳಲ್ಲೇ ಏನಾದರೂ ಮಾಡಲು ಸಾಧ್ಯ.

ಇನ್ನೊಂದು ಮಾತನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಇದು ಇರುವ ನೋಟವನ್ನು ಉಳಿಸುವ ಆಪರೇಷನ್. ಒತ್ತಡಕ್ಕೆ ಸಿಕ್ಕಿ ಸುಸ್ತಾದ ಎಳೆಗಳು ಚೇತರಿಸಿಕೊಂಡು ಫೀಲ್ಡ್ ಸುಧಾರಿಸಬಹುದು, ಸುಧಾರಿಸಿದವರನ್ನು ನೋಡಿದ್ದೇನೆ. ಸತ್ತ ಎಳೆ ಮಾತ್ರ ಬರುವುದಿಲ್ಲ. ತಲೆನೋವು ಕೂಡ ಸುಮಾರು ಅರ್ಧ ಜನರಿಗೆ ಮಾತ್ರ ಕಮ್ಮಿಯಾಗುತ್ತದೆ. ತಲೆಯ ಒತ್ತಡ ಹಾಗೇ ಇರುವುದರಿಂದ ಮಾತ್ರೆ ಆಪರೇಷನ್ ಆದ ಮೇಲೂ ಮುಂದುವರಿಯುತ್ತದೆ. ಕೆಲವರಿಗೆ ತಿಂಗಳುಗಳ, ವರ್ಷಗಳ ಮೇಲೆ ಕಿಟಕಿ ಕೆಲಸ ನಿಲ್ಲಿಸಿ ಮತ್ತೆ ಆಪರೇಷನ್ ಬೇಕಾಗಿದೆ.

ನೆಂಟರು ಹೇಳಿದ ಟ್ಯೂಬ್, ಅಂದರೆ ಶಂಟ್, ತಪ್ಪು ಸಲಹೆಯಲ್ಲ. ಮಿದುಳಿನ ಒಳಗಿನ ನೀರನ್ನು ಚರ್ಮದ ಕೆಳಗಿನ ಟ್ಯೂಬಿನಲ್ಲಿ ಹೊಟ್ಟೆಗೆ ಇಳಿಸುತ್ತಾರೆ. ಅದನ್ನು ಮಾಡುವವರು ನ್ಯೂರೋಸರ್ಜನ್. ತಲೆನೋವು ವಿಪರೀತ ಇದ್ದು, ಎರಡೂ ಕಣ್ಣು ಒಟ್ಟಿಗೆ ಕೆಡುತ್ತಿದ್ದರೆ ನಾನೂ ಅದರ ಕಡೆಗೇ ವಾಲುತ್ತೇನೆ. ತೊಂದರೆ ಏನೆಂದರೆ ಟ್ಯೂಬ್ ಕಟ್ಟಿಕೊಳ್ಳುತ್ತದೆ, ಸೋಂಕಾಗುತ್ತದೆ, ಜಾಗ ಬಿಡುತ್ತದೆ. ಡ್ರಿಪ್ ಪೈಪ್ ಇಟ್ಟುಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. 28 ವರ್ಷದವರು ಅದನ್ನು ಇಟ್ಟುಕೊಂಡು ಮುಂದೆ ಎಷ್ಟು ಸಲ ಸರಿಮಾಡಿಸಬೇಕಾದೀತು ಎಂದು ಯೋಚಿಸಬೇಕು. ಮೂರನೆಯ ದಾರಿಯೂ ಇದೆ. ಮಿದುಳಿನಿಂದ ಕೆಟ್ಟ ರಕ್ತ ಒಯ್ಯುವ ದೊಡ್ಡ ನಾಳ ಕೆಲವರಲ್ಲಿ ಒಂದು ಕಡೆ ಕಿರಿದಾಗಿರುತ್ತದೆ. ಅಲ್ಲಿ ಸ್ಟೆಂಟ್ ಕೂರಿಸುತ್ತಾರೆ, ಹೃದಯಕ್ಕೆ ಹಾಕುವ ಹಾಗೆ. ಆಮೇಲೆ ತಿಂಗಳುಗಟ್ಟಲೆ ರಕ್ತ ತೆಳು ಮಾಡುವ ಮಾತ್ರೆ.

ಇವುಗಳಲ್ಲಿ ಯಾವುದು ಮೇಲು? ಮಾತ್ರೆ, ಹೊದಿಕೆಯ ಕಿಟಕಿ, ಶಂಟ್ ಇವನ್ನು ಎದುರುಬದುರು ಇಟ್ಟು ನೋಡಲು ಅಮೆರಿಕದಲ್ಲಿ ಒಂದು ಪರೀಕ್ಷೆ ಶುರುವಾಗಿತ್ತು. ಸಾಕಷ್ಟು ರೋಗಿಗಳು ಸೇರದೆ ಮಧ್ಯದಲ್ಲೇ ನಿಂತಿತು. ಹಾಗಾಗಿ ಇಬ್ಬರು ಒಳ್ಳೆಯ ಡಾಕ್ಟರು ಎರಡು ಬೇರೆ ಸಲಹೆ ಕೊಟ್ಟರೆ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು ತಿಳಿಯಬೇಡಿ. ನೀವು ಬರೆದಿರುವುದನ್ನು ನೋಡಿದರೆ ತಲೆನೋವು ಇಳಿದಿದೆ, ಒಂದು ಕಣ್ಣು ಹೆಚ್ಚು ಕೆಡುತ್ತಿದೆ. ಇಂಥವರಿಗೆ ಹೊದಿಕೆಯ ಆಪರೇಷನ್ ಸರಿಯಾದ ಮಾತು ಎಂದೇ ನನಗೆ ಅನ್ನಿಸುತ್ತದೆ. ಆದರೆ ಪದ್ಧತಿಗಿಂತ ಕೈ ಮುಖ್ಯ. ಎಲ್ಲ ಕಣ್ಣಿನ ಡಾಕ್ಟರೂ ಇದನ್ನು ಮಾಡುವುದಿಲ್ಲ. "ನೀವು ಇದನ್ನು ಎಷ್ಟು ಮಾಡಿದ್ದೀರಿ? ಹೋದ ವರ್ಷ ಎಷ್ಟು?" ಎಂದು ಮುಖ ನೋಡಿಯೇ ಕೇಳಿ. ಒಳ್ಳೆಯ ಸರ್ಜನ್ ಬೇಜಾರು ಮಾಡಿಕೊಳ್ಳುವುದಿಲ್ಲ. ಎರಡನೇ ಅಭಿಪ್ರಾಯ ಬೇಕೆಂದರೆ ಪಡೆಯಿರಿ, ಈ ವಾರವೇ ಪಡೆಯಿರಿ. ಬೆಂಗಳೂರಿನಲ್ಲಿ 1896ರಿಂದ ಇರುವ ಮಿಂಟೋ ಕಣ್ಣಾಸ್ಪತ್ರೆ ಇದೆ, ನಿಮ್ಹಾನ್ಸ್ ಇದೆ, ಎರಡೂ ಸರ್ಕಾರದವು. ನಿಮಗೆ ಚಾರ್ಮಾಡಿ ಇಳಿದರೆ ಮಂಗಳೂರು, ಮಣಿಪಾಲವೂ ದೂರವಲ್ಲ. ಖರ್ಚಿನ ಚಿಂತೆ ಇದ್ದರೆ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರ ಹತ್ತಿರ ಆಯುಷ್ಮಾನ್ ಕಾರ್ಡ್ ತೋರಿಸಿ ಮೊದಲೇ ವಿಚಾರಿಸಿ, ಅಡ್ಮಿಟ್ ಆದ ಮೇಲಲ್ಲ.

ಹೋಗುವ ಮುಂಚೆ ಒಂದು ವಿಷಯ ಖಚಿತವಾಗಬೇಕು. ಎಂಆರ್‌ಐ ಜೊತೆ ಎಂಆರ್‌ವಿ, ಅಂದರೆ ಮಿದುಳಿನ ರಕ್ತನಾಳದ ಸ್ಕ್ಯಾನ್, ಆಗಿದೆಯಾ? ಆ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೂ ಇದೇ ತಲೆನೋವು, ಇದೇ ನರದ ಊತ ಬರುತ್ತದೆ. ಅದಕ್ಕೆ ಚಿಕಿತ್ಸೆಯೇ ಬೇರೆ. ಬಾಣಂತಿಯರಲ್ಲಿ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದನ್ನು ಮರೆಯಲೇಬಾರದು. ಮೊಡವೆಗೆಂದು ಡಾಕ್ಸಿಸೈಕ್ಲಿನ್, ಮಿನೋಸೈಕ್ಲಿನ್, ಐಸೋಟ್ರೆಟಿನಾಯಿನ್ ಏನಾದರೂ ನುಂಗುತ್ತಿದ್ದರಾ ಎಂದು ತಂಗಿಯನ್ನು ಒಬ್ಬರೇ ಇದ್ದಾಗ ಕೇಳಿ. ಇವುಗಳಿಂದಲೂ ತಲೆಯ ಒತ್ತಡ ಏರುತ್ತದೆ, ಮನೆಯಲ್ಲಿ ಯಾರಿಗೂ ಹೇಳಿರುವುದಿಲ್ಲ. ರಕ್ತಹೀನತೆ ಇದೆಯಾ ಎಂದೂ ನೋಡಿಸಿ.

ಇಷ್ಟೆಲ್ಲ ಕೇಳಲು ನನಗೆ ಕಾರಣವಿದೆ. ಪ್ರಾಕ್ಟೀಸ್ ಶುರು ಮಾಡಿದ ಹೊಸದರಲ್ಲಿ ತಲೆನೋವು ಎಂದು ಬಂದ ಒಬ್ಬ ಹೆಣ್ಣುಮಗಳಿಗೆ ಸಣ್ಣ ನಂಬರಿನ ಕನ್ನಡಕ ಬರೆದು ಕಳಿಸಿದ್ದೆ. ಸಂತೆ ದಿನ, ಹೊರಗೆ ಜನ ತುಂಬಿದ್ದರು. ಕಣ್ಣಿಗೆ ಡ್ರಾಪ್ಸ್ ಹಾಕಿ ನರ ನೋಡಲಿಲ್ಲ. ಆರು ವಾರಕ್ಕೆ ವಾಪಸ್ ಬಂದರು, ಎರಡೂ ನರ ಊದಿ ಅಂಚೇ ಕಾಣುತ್ತಿರಲಿಲ್ಲ. ಅವರ ನೋಟ ಉಳಿಯಿತು, ಅದು ಅವರ ಅದೃಷ್ಟ. ಅವತ್ತಿನಿಂದ ತಲೆನೋವು ಎಂದು ಬಂದವರನ್ನು ಡ್ರಾಪ್ಸ್ ಹಾಕದೆ ಕಳಿಸುವುದಿಲ್ಲ. ಮೂರು ಗಂಟೆ ಮಂಜು ಎಂದು ಬೈದುಕೊಂಡೇ ಹೋಗುತ್ತಾರೆ.

ಚಿಕ್ಕಪ್ಪನವರ ವಿಷಯ. ಕಣ್ಣಿನ ಸ್ಟ್ರೋಕ್ ಎಂದು ಜನ ಎರಡು ಮೂರು ಕಾಯಿಲೆಗೆ ಹೇಳುತ್ತಾರೆ. ಅದು ನರಕ್ಕೆ ರಕ್ತ ನಿಂತು ಆಗಿದ್ದಾದರೆ, ಬೇಡ. ಒಂದು ಕಾಲದಲ್ಲಿ ಅಂಥವರಿಗೂ ಈ ಆಪರೇಷನ್ ಮಾಡುತ್ತಿದ್ದರು. ಆಮೇಲೆ 244 ಜನರನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದರು, ಫಲಿತಾಂಶ 1995ರಲ್ಲಿ ಬಂತು. ಆರು ತಿಂಗಳ ನಂತರ ಬೋರ್ಡಿನಲ್ಲಿ ಮೂರು ಸಾಲಿನಷ್ಟು ಸುಧಾರಿಸಿದವರು ಆಪರೇಷನ್ ಆದವರಲ್ಲಿ ನೂರಕ್ಕೆ 33, ಸುಮ್ಮನೆ ನೋಡಿಕೊಂಡವರಲ್ಲಿ ನೂರಕ್ಕೆ 43. ನೋಟ ಇನ್ನೂ ಕೆಟ್ಟವರು ಆಪರೇಷನ್ ಕಡೆಯೇ ಜಾಸ್ತಿ, ನೂರಕ್ಕೆ 24, ಸುಮ್ಮನೆ ನೋಡಿಕೊಂಡವರಲ್ಲಿ 12. ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿದರು. ನಿಮ್ಮ ಚಿಕ್ಕಪ್ಪನವರು ಬಿಪಿ, ಶುಗರ್ ಹಿಡಿತದಲ್ಲಿಟ್ಟು ಇನ್ನೊಂದು ಕಣ್ಣನ್ನು ಜೋಪಾನ ಮಾಡಲಿ. ಗೊರಕೆ ಜೋರಿದ್ದರೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದೆಯಾ ಎಂದು ತೋರಿಸಲಿ. ಗ್ಲಾಕೋಮಾ ಇರುವವರಿಗೂ ಈ ಆಪರೇಷನ್ ಅಲ್ಲ, ಅಲ್ಲಿ ಮಾಡುವುದು ಕಣ್ಣುಗುಡ್ಡೆಗೆ.

ತೂಕದ ಬಗ್ಗೆ ಬರೆಯಲು ನನಗೆ ಸ್ವಲ್ಪ ಹಿಂಜರಿಕೆ. ಈ ಹೆಣ್ಣುಮಕ್ಕಳು ಸಿಕ್ಕಸಿಕ್ಕವರಿಂದೆಲ್ಲ ಅದನ್ನೇ ಕೇಳಿ ಸಾಕಾಗಿರುತ್ತಾರೆ. ಆದರೆ ಒತ್ತಡದ ಬೇರಿಗೆ ಕೈ ಹಾಕುವುದು ಅದೊಂದೇ. ಈಗಿನ ತೂಕದಲ್ಲಿ ನೂರಕ್ಕೆ 5ರಿಂದ 10, ಅಂದರೆ 4ರಿಂದ 8 ಕೆಜಿ ಇಳಿದರೂ ನರದ ಊತದಲ್ಲಿ ವ್ಯತ್ಯಾಸ ಕಾಣುತ್ತದೆ. ಪೂರ್ತಿ ಹಿಡಿತಕ್ಕೆ ಬರಲು ಕೆಲವರಿಗೆ ನೂರಕ್ಕೆ 15ರಷ್ಟು ಬೇಕಾಗುತ್ತದೆ. ಅದು ತಿಂಗಳುಗಳ ಕೆಲಸ, ಅಷ್ಟು ದಿನ ನರ ಕಾಯುವುದಿಲ್ಲ. ಆಪರೇಷನ್ ಮಾಡಿಸುವುದು ಆ ಸಮಯವನ್ನು ಗಿಟ್ಟಿಸಿಕೊಳ್ಳುವುದಕ್ಕೇ. ಊಟದಲ್ಲಿ ಉಪ್ಪು ಕಮ್ಮಿ ಮಾಡುವುದು ಎಂದರೆ ಸಾರಿಗೆ ಚಿಟಿಕೆ ಕಮ್ಮಿ ಹಾಕಿ, ಪಕ್ಕದಲ್ಲಿ ಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಡಿಸುವುದಲ್ಲ. ನಮ್ಮ ಮಲೆನಾಡಿನ ಮನೆಗಳಲ್ಲಿ ಮಳೆಗಾಲಕ್ಕೆಂದು ಮಾಡಿಟ್ಟಿದ್ದೆಲ್ಲ ಉಪ್ಪೇ. ಮನೆಯವರೂ ಅದೇ ಊಟ ಮಾಡಿದರೆ ಅವರಿಗೆ ಹಗುರವಾಗುತ್ತದೆ.

ಮಾತ್ರೆಯಿಂದ ಕೈಕಾಲು ಜುಮ್ಮೆನ್ನುವುದು, ಸೋಡಾ ರುಚಿ ಕೆಡುವುದು, ಸುಸ್ತು, ಇವೆಲ್ಲ ಇದ್ದದ್ದೇ. ಅದಕ್ಕೆ ಹೆದರಿ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ. ಮೂತ್ರಪಿಂಡದ ಕಲ್ಲು ಆಗದಿರಲು ನೀರು ಚೆನ್ನಾಗಿ ಕುಡಿಯಲಿ, ಪೊಟ್ಯಾಸಿಯಂ ಆಗಾಗ ನೋಡಿಸಲಿ.

ಕಾಯುವ ಈ ದಿನಗಳಲ್ಲಿ ಕತ್ತಲೆ ಬರುವುದು ದಿನಕ್ಕೆ ಹಲವು ಸಲ ಆಗತೊಡಗಿದರೆ, ಎರಡೆರಡು ಕಂಡರೆ, ಬೋರ್ಡಿನ ಸಾಲೇ ತಪ್ಪಿದರೆ, ಅಪಾಯಿಂಟ್‌ಮೆಂಟ್ ನೋಡದೆ ಅವತ್ತೇ ಹೊರಡಿ. ಆಪರೇಷನ್ ಆದ ಮೇಲೆ ಫೀಲ್ಡ್ ಟೆಸ್ಟ್, ನರದ ಸ್ಕ್ಯಾನ್ ಮಾಡಿಸಲು ಪ್ರತಿ ಸಲ ಬೆಂಗಳೂರಿಗೆ ಓಡಬೇಕಾಗಿಲ್ಲ. ಚಿಕ್ಕಮಗಳೂರಿನಲ್ಲೋ ಹಾಸನದಲ್ಲೋ ಮಾಡಿಸಿ ರಿಪೋರ್ಟ್ ಕಳಿಸಿದರೆ ನಡೆಯುತ್ತದೆ, ಒಂದೇ ಮೆಷಿನ್‌ನಲ್ಲಿ ಮಾಡಿಸಿದರೆ ಹೋಲಿಸುವುದು ಸುಲಭ. ಅಲ್ಲಿ ಯಾರಾದರೂ ಸ್ಕ್ಯಾನ್ ನೋಡಿ "ಊತ ಇಳಿದಿದೆ" ಎಂದರೆ ಫೀಲ್ಡ್ ಹೇಗಿದೆ ಎಂದು ಕೂಡಲೇ ಕೇಳಿ. ಊದಿಕೊಳ್ಳಲು ಎಳೆ ಬದುಕಿರಬೇಕು. ಎಳೆಗಳು ಸತ್ತರೂ ಊತ ಇಳಿಯುತ್ತದೆ.

ಬೆಂಗಳೂರಿಗೆ ಹೋಗುವಾಗ ಸ್ಕ್ಯಾನ್ ಫಿಲ್ಮ್ ಮಾತ್ರವಲ್ಲ ಸಿಡಿಯನ್ನೂ, ಬೆನ್ನಿನ ನೀರಿನ ರಿಪೋರ್ಟನ್ನೂ, ಮೂರೂ ಫೀಲ್ಡ್ ಟೆಸ್ಟಿನ ಪ್ರಿಂಟನ್ನೂ ಒಯ್ಯಿರಿ. ಹೊಸದು ಬಂತೆಂದು ಹಳೆಯದನ್ನು ಎಸೆಯಬೇಡಿ. ಲ್ಯಾಮಿನೇಟ್ ಮಾಡಿಸಲೂ ಬೇಡಿ, ನಾವು ಅದರ ಮೇಲೆ ಪೆನ್ನಿನಲ್ಲಿ ಗುರುತು ಹಾಕಬೇಕು.